ಹಾಡಿನ ಕರಾರೂ ವ್ಯವಹಾರವೇ
(ಜವನಗೊಂಡನಹಳ್ಳಿಯ ಜುಮಾ ಪ್ರವಚನದ ಸಾರಾಂಶ)



ಪವಿತ್ರ ಕುರ್‌ಆನ್‌ನ ಅತಿ ದೀರ್ಘ ಸೂಕ್ತ ಅಲ್‌ಬಕರ ಅಧ್ಯಾಯದ 282ನೆಯದು. ಅದು ಸಾಲ ಪತ್ರದ ಕುರಿತಾಗಿದೆ. ಬರೆಯುವವನು ನ್ಯಾಯದಿಂದ ಬರೆಯಬೇಕು, ಕೊಡಬೇಕಾದವನೇ ಹೇಳಿ ಬರೆಸಬೇಕು, ಏನನ್ನೂ ಕಡಿಮೆ ಮಾಡಬಾರದು, ಸಾಕ್ಷಿಗಳಿರಬೇಕು ಎಂದು ಅಲ್ಲಾಹನು ಆಜ್ಞಾಪಿಸಿದ್ದಾನೆ. ಹಣದ ಲೆಕ್ಕ ದೀನ್‌ನ ಹೊರಗಿನ ವಿಷಯವೆಂದು ಭಾವಿಸುವವರು ಆ ಸೂಕ್ತವನ್ನು ಒಮ್ಮೆ ನಿಧಾನವಾಗಿ ಓದಬೇಕು.

ಇಂದು ಈ ಮಾತೇಕೆಂದರೆ, ನಮ್ಮ ಮಕ್ಕಳಲ್ಲಿ ಹಾಡುವವರಿದ್ದಾರೆ. ನಾತ್ ಹಾಡುತ್ತಾರೆ, ತಾವೇ ಬರೆಯುತ್ತಾರೆ, ಮೊಬೈಲ್‌ನಲ್ಲಿ ಹಾಕುತ್ತಾರೆ. ದನಿ ಚೆನ್ನಾಗಿದ್ದರೆ ಕಂಪನಿಯವರು ಕರೆಯುತ್ತಾರೆ, ಇಂಗ್ಲಿಷ್‌ನಲ್ಲಿರುವ ಕಾಗದದ ಕಟ್ಟೊಂದನ್ನು ಮುಂದಿಡುತ್ತಾರೆ. ಹುಡುಗ ಸಂತೋಷದಲ್ಲಿ ಸಹಿ ಹಾಕಿ ಬರುತ್ತಾನೆ. ಸಂಗೀತದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಅದು ಇನ್ನೊಂದು ದಿನದ ವಿಷಯ. ಆದರೆ ದುಡಿದವನ ಪಾಲನ್ನು ಹಿಡಿದಿಟ್ಟುಕೊಳ್ಳುವುದರ ಬಗ್ಗೆ ಯಾವ ವಿದ್ವಾಂಸರಲ್ಲೂ ಭಿನ್ನಾಭಿಪ್ರಾಯವಿಲ್ಲ.

ನಮ್ಮ ಕಡೆ ಹುಣಸೆ ಮರವನ್ನು ಗುತ್ತಿಗೆ ಕೊಡುವುದು ಎಲ್ಲರಿಗೂ ಗೊತ್ತು. ಹಣ್ಣು ಮಾಗುವ ಲಕ್ಷಣ ಕಾಣುವ ಮೊದಲೇ ಅದನ್ನು ಮಾರುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಅಲ್ಲಾಹನು ಫಸಲನ್ನೇ ಕೊಡದಿದ್ದರೆ ಸಹೋದರನ ಹಣವನ್ನು ಯಾವ ಹಕ್ಕಿನಿಂದ ತೆಗೆದುಕೊಳ್ಳುತ್ತೀರಿ ಎಂಬುದು ಅವರ ಪ್ರಶ್ನೆಯ ಸಾರ. ಏನು, ಎಷ್ಟು, ಎಂದಿನವರೆಗೆ ಎಂದು ತಿಳಿಯದ ವ್ಯವಹಾರಕ್ಕೆ ಘರರ್ ಎನ್ನುತ್ತಾರೆ. ಮುಂದೆ ಹಾಡಲಿರುವ ಹಾಡುಗಳೆಲ್ಲ, ಮುಂದೆ ಬರಲಿರುವ ಯಂತ್ರಗಳಲ್ಲೆಲ್ಲ, ಎಂದೆಂದಿಗೂ ನಮ್ಮದು ಎಂದು ಬರೆಸಿಕೊಳ್ಳುವ ಕಾಗದ ಮತ್ತೇನು? ಹೂವೂ ಬಿಡದ ಮರಕ್ಕೆ ಕಟ್ಟಿದ ಬೆಲೆ ಅದು.

ಗೌಹರ್ ಜಾನ್ ಹೆಸರನ್ನು ಹಿರಿಯರು ಕೇಳಿರಬಹುದು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದವರು. ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಯಾರ ಹಾಡೆಂದು ತಿಳಿಯಲಿ ಎಂದು ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಅವರ ಸಂಪತ್ತು ಕರಗಲು ಕೋರ್ಟು ವ್ಯಾಜ್ಯಗಳೂ ಕಾರಣ, ಎಲ್ಲವನ್ನೂ ಕಂಪನಿಯ ತಲೆಗೆ ಕಟ್ಟಲಾಗದು. ಆದರೆ ಅಷ್ಟು ಹೆಸರಿದ್ದವರು ತಮ್ಮ ಬೆಲೆಯನ್ನು ತಾವೇ ಹೇಳಬಲ್ಲವರಾಗಿದ್ದರು. ಹಳ್ಳಿಯ ಹುಡುಗನಿಗೆ ಆ ಬಲ ಎಲ್ಲಿದೆ?

ಆ ಬಲವನ್ನು ನಮ್ಮ ದೇಶದ ಕಾನೂನು ಸ್ವಲ್ಪಮಟ್ಟಿಗೆ ಕೊಟ್ಟಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಯಿತು. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿದ್ದುಕೊಂಡು ಅದಕ್ಕಾಗಿ ಹೋರಾಡಿದರು. ಹಾಡು ಬರೆದವರು ಮತ್ತು ರಾಗ ಹಾಕಿದವರು ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ಮುಂದಿನ ರಾಯಲ್ಟಿಯಲ್ಲಿ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ, ಬಿಟ್ಟೆನೆಂದು ಬರೆದರೂ ಅದು ಊರ್ಜಿತವಲ್ಲ. ಹಾಡಿದವರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿಯ ಹಕ್ಕಿದೆ. ಕರಾರಿನ ದಿನ ಬಳಕೆಯಲ್ಲಿ ಇಲ್ಲದ ಮಾಧ್ಯಮಕ್ಕೆ, ಅದನ್ನು ಹೆಸರಿಸಿ ಬರೆಯದಿದ್ದರೆ, ಆ ಕರಾರು ಅನ್ವಯಿಸುವುದಿಲ್ಲ. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಇದನ್ನು ಓದಿದಾಗ ಹುಣಸೆ ಮರದ ಮಾತೇ ನಮಗೆ ನೆನಪಾಯಿತು.

ಇನ್ನೊಂದು ಕಡೆಯೂ ಇದೆ. ಕಂಪನಿಯವನು ಸ್ಟುಡಿಯೋಗೆ ಹಣ ಹಾಕುತ್ತಾನೆ, ಹತ್ತು ಹಾಡಿನಲ್ಲಿ ಒಂಬತ್ತು ಓಡದಿದ್ದರೆ ನಷ್ಟ ಅವನದೇ. ಅವನ ಲಾಭ ಹಲಾಲ್. ಮುಂಗಡ ಪಡೆದು ಬೇರೆಯವನಿಗೆ ಅದೇ ಹಾಡು ಕೊಡುವ ಹುಡುಗನಿಗೆ ಅಲ್‌ಮಾಇದ ಅಧ್ಯಾಯದ ಮೊದಲ ಸೂಕ್ತ ಅನ್ವಯಿಸುತ್ತದೆ: ಕರಾರು ಪಾಲಿಸಬೇಕು. ಮದುವೆಗೆ ಹಾಡುಗಾರರನ್ನು ಕರೆಸಿ, ಊಟ ಹಾಕಿದೆವಲ್ಲ ಎಂದು ಹಣದಲ್ಲಿ ಕಡಿತ ಮಾಡುವ ನಾವೂ ಕಂಪನಿಯವರನ್ನು ಬೈಯುವ ಮೊದಲು ಯೋಚಿಸಬೇಕು. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆ ಗಂಟಲಿನ ದುಡಿಮೆಗೂ ಸಲ್ಲುತ್ತದೆ.

ಹೆತ್ತವರಲ್ಲಿ ಒಂದು ವಿನಂತಿ. ಮಗನ ಕೈಗೆ ಅಂಥ ಕಾಗದ ಬಂದರೆ ಅಂದೇ ಸಹಿ ಹಾಕಿಸಬೇಡಿ. ಇಶಾ ನಮಾಝ್ ಆದ ಮೇಲೆ ಮಸೀದಿಗೆ ತನ್ನಿ. ಇಂಗ್ಲಿಷ್ ಬಲ್ಲವರಿಂದ ಸಾಲು ಸಾಲಾಗಿ ಓದಿಸೋಣ, ಅರ್ಥವಾಗದಿದ್ದರೆ ಹಿರಿಯೂರಿನಲ್ಲಿ ವಕೀಲರಿಗೆ ತೋರಿಸೋಣ. ಸಹಿಯಾದ ಮೇಲೆ ಒಂದು ಪ್ರತಿ ಮನೆಯಲ್ಲಿರಲಿ.