ಮಳೆಗಾಲಕ್ಕೆ ಮುಂಚೆ ನಾಯಿ, ಬೆಕ್ಕಿಗೂ ಒಂದು ತಯಾರಿ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತುಂಬಿ ಹರಿದಾಗ ಎಷ್ಟೋ ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ಅಂಥ ಹೊತ್ತಲ್ಲಿ ನಾಯಿ, ದನ ಕಟ್ಟಿದಲ್ಲೇ ಉಳಿದುಬಿಡುತ್ತವೆ. ಅದಕ್ಕೇ ನಾನು ಮೊದಲು ಹೇಳೋದು: ಕರ್ಕೊಂಡು ಹೋಗೋಕೆ ಆಗಲೇ ಇಲ್ಲ ಅಂದ್ರೆ ಹಗ್ಗ ಬಿಚ್ಚಿ ಹೋಗಿ. ಕಟ್ಟಿಹಾಕಿದ ನಾಯಿಗೆ ಈಜು ಬಂದರೂ ಉಪಯೋಗವಿಲ್ಲ.

ಬೆಕ್ಕು ಸಾಕಿದವರಿಗೆ ಕಷ್ಟ ಇನ್ನೂ ಜಾಸ್ತಿ. ಗಲಾಟೆ ಕೇಳಿದ್ರೆ ಸಾಕು, ಮಂಚದಡಿ ಸೇರಿ ಕೂತುಬಿಡುತ್ತೆ. ಅವತ್ತೇ ಹಿಡಿದು ಹೊಸ ಬುಟ್ಟಿಗೆ ಹಾಕ್ತೀನಿ ಅಂದ್ರೆ ಕೈಯೆಲ್ಲ ಪರಚಿಸಿಕೊಂಡದ್ದೇ ಬಂತು. ಬುಟ್ಟಿಯನ್ನ ಈಗಲೇ ಮನೆಯಲ್ಲಿ ತೆರೆದಿಡಿ, ಒಳಗೆ ಹಳೇ ಸೀರೆ ಹಾಸಿ, ಊಟ ಅಲ್ಲೇ ಕೊಡಿ. ಆಮೇಲೆ ತಾನಾಗೇ ಹೋಗಿ ಮಲಗುತ್ತೆ.

ಪರಿಹಾರ ಕೇಂದ್ರದಲ್ಲಿ ಪ್ರಾಣಿಗಳನ್ನ ಒಳಗೆ ಬಿಡ್ತಾರೆ ಅಂತ ನಂಬಿ ಕೂರಬೇಡಿ. ಎತ್ತರದ ಜಾಗದಲ್ಲಿರೋ ನೆಂಟರನ್ನ ಮೊದಲೇ ಕೇಳಿಟ್ಟುಕೊಳ್ಳಿ. ನಾಯಿಗೆ ರೇಬೀಸ್ ಜೊತೆ ಇಲಿಜ್ವರದ ಲಸಿಕೆಯನ್ನೂ ಹಾಕಿಸಿ. ಇಲಿ ಮೂತ್ರ ಬೆರೆತ ನೆರೆನೀರಿಂದ ಅದು ನಾಯಿಗೂ ಬರುತ್ತೆ, ನಮಗೂ ಬರುತ್ತೆ. ಲಸಿಕೆ ಕಾರ್ಡಿನ ಫೋಟೊ ಮೊಬೈಲಲ್ಲಿರಲಿ. ಹಾಂ, ಕೊರಳಪಟ್ಟಿ ಒಳಬದಿಗೆ ನಿಮ್ಮ ಫೋನ್ ನಂಬರ್ ಬರೀರಿ, ನೀರಿಗೆ ಅಳಿಸದ ಮಾರ್ಕರ್‌ನಲ್ಲಿ.