ಮಾದಕವಸ್ತು: ‘ಸ್ವಲ್ಪವೇ ಅಲ್ಲವೆ?’

ಶ್ರೋತೃಗಳ ಪತ್ರಗಳಲ್ಲಿ, ವಿಶೇಷವಾಗಿ ಕಾಲೇಜಿಗೆ ಹೋಗುವ ಮಕ್ಕಳುಳ್ಳ ತಂದೆತಾಯಂದಿರ ಪತ್ರಗಳಲ್ಲಿ, ಮತ್ತೆ ಮತ್ತೆ ಕಾಣುವ ಆತಂಕವೊಂದಿದೆ: ಹುಡುಗನ ಜೇಬಿನಲ್ಲಿ ಸಿಕ್ಕಿದ್ದು ಅತ್ಯಲ್ಪ; ದಂಡ ಕಟ್ಟಿದರೆ ಮುಗಿದುಹೋಗುವುದಲ್ಲವೆ?

1985ರ ಎನ್.ಡಿ.ಪಿ.ಎಸ್. ಕಾಯಿದೆಯು 2001ರ ತಿದ್ದುಪಡಿಯ ತರುವಾಯ ಶಿಕ್ಷೆಯನ್ನು ತೂಕಕ್ಕೆ ಅನುಗುಣವಾಗಿ ಮೂರು ಮೆಟ್ಟಿಲುಗಳಲ್ಲಿ ಇರಿಸಿರುವುದು ನಿಜ. ಗಾಂಜಾ ಅಲ್ಪ ಪ್ರಮಾಣದಲ್ಲಿ ದೊರೆತರೆ ಒಂದು ವರ್ಷದವರೆಗೆ ಕಠಿಣ ಸಜೆ, ಇಲ್ಲವೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ನಡುವಿನ ಮೆಟ್ಟಿಲಿನಲ್ಲಿ ಹತ್ತು ವರ್ಷದವರೆಗೆ. ವಾಣಿಜ್ಯ ಪ್ರಮಾಣವಾದರೆ ಹತ್ತಕ್ಕೆ ಕಡಮೆಯಿಲ್ಲದೆ ಇಪ್ಪತ್ತರವರೆಗೆ. ಆದರೆ ಯಾವುದು ಅಲ್ಪವೆಂಬುದನ್ನು ನಿರ್ಣಯಿಸತಕ್ಕದ್ದು ಸರ್ಕಾರದ ಪಟ್ಟಿ ಮತ್ತು ತಕ್ಕಡಿ. ಗಾಂಜಾಕ್ಕೆ ಮಿತಿ 1 ಕಿಲೋಗ್ರಾಂ ಎಂದು ಎಲ್ಲಿಯೋ ಕೇಳಿ, ಅದೇ ಔದಾರ್ಯ ಸಕಲ ವಸ್ತುಗಳಿಗೂ ಇದೆಯೆಂದು ಜಗಲಿಯ ಮೇಲೆ ಕುಳಿತು ಉಪದೇಶಿಸುವ ಮಹನೀಯರನ್ನು ಕಂಡರೆ ನನಗೆ ಸಹನೆ ಉಳಿಯುವುದಿಲ್ಲ. ಚರಸ್‌ಗೆ ಮಿತಿ 100 ಗ್ರಾಂ, ಹೆರಾಯಿನ್‌ಗೆ 5, ಕೊಕೇನ್‌ಗೆ 2. ಎಂಡಿಎಂಎಗೆ ಕೇವಲ ಅರ್ಧ ಗ್ರಾಂ, ಅದು 10 ಗ್ರಾಂ ಮೀರಿದರೆ ವಾಣಿಜ್ಯ. ಗಾಂಜಾ ಗಿಡವನ್ನು ಬೆಳೆಸಿದವನಿಗಂತೂ ಈ ಮೆಟ್ಟಿಲುಗಳೇ ಇಲ್ಲ. ಕೃಷಿಗೆ ಹತ್ತು ವರ್ಷದವರೆಗೆ ಶಿಕ್ಷೆಯೆಂದು ಕಾಯಿದೆ ಹೇಳುತ್ತದೆ.

ಇನ್ನು ಬೆರಕೆಯ ಮಾತು. 2008ರಲ್ಲಿ ಮೈಕೇಲ್ ರಾಜ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪುಡಿಯಲ್ಲಿರುವ ಶುದ್ಧ ಮಾದಕಾಂಶವನ್ನು ಮಾತ್ರ ಎಣಿಸಬೇಕೆಂದಿತ್ತು. 2020ರ ಏಪ್ರಿಲ್‌ನಲ್ಲಿ, ಹೀರಾ ಸಿಂಗ್ ಪ್ರಕರಣದಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠವು ಆ ಅಭಿಪ್ರಾಯವನ್ನು ತಳ್ಳಿಹಾಕಿ, ಬೆರಕೆಯೂ ಸೇರಿದಂತೆ ಒಟ್ಟು ತೂಕವೇ ಲೆಕ್ಕವೆಂದು ವಿಧಿಸಿತು. 300 ಗ್ರಾಂ ಪುಡಿಯಲ್ಲಿ ನಿಜವಾದ ಹೆರಾಯಿನ್ 4 ಗ್ರಾಂ ಮಾತ್ರವೆಂದು ಪ್ರಯೋಗಶಾಲೆ ಹೇಳಿತೆನ್ನಿ. ಹಿಂದೆ ಅದು ಅಲ್ಪ, ಇಂದು ವಾಣಿಜ್ಯ. ಅಷ್ಟೇ ಅಲ್ಲ, ವಾಣಿಜ್ಯವೆಂದೊಡನೆ 37ನೆಯ ಕಲಮು ಅಡ್ಡಬರುತ್ತದೆ: ಆಪಾದಿತನು ನಿರಪರಾಧಿಯೆಂದು ನಂಬಲು ಸಮಂಜಸ ಕಾರಣವಿದೆಯೆಂದು ನ್ಯಾಯಾಧೀಶರಿಗೆ ತೋರದ ಹೊರತು ಜಾಮೀನಿಲ್ಲ. “ಅದರಲ್ಲಿ ಮುಕ್ಕಾಲು ಸೀಮೆಸುಣ್ಣ, ಸ್ವಾಮಿ” ಎಂದು ನ್ಯಾಯಾಲಯದ ಪಡಸಾಲೆಯಲ್ಲಿ ತಂದೆಯೊಬ್ಬರು ನನ್ನೊಡನೆ ವಾದಿಸಿದರು. ಸೀಮೆಸುಣ್ಣಕ್ಕೂ ಸಜೆಯಿದೆ ಎಂದೆ; ಅವರು ನಂಬಲಿಲ್ಲ. ಸರಳವಾಗಿ ಇನ್ನೊಮ್ಮೆ ಹೇಳುತ್ತೇನೆ: ಪೊಟ್ಟಣದೊಳಗೆ ವಿಷದೊಡನೆ ಬೆರೆತದ್ದೆಲ್ಲವೂ ವಿಷದ ತೂಕವೇ. ಮಾರಿದವನು ಮಾಡಿದ ಮೋಸಕ್ಕೆ ಕೊಂಡವನು ವರ್ಷಗಳನ್ನು ತೆರುತ್ತಾನೆ.

ಹೊತ್ತು ಮೀರುತ್ತಿದೆ, ಉಳಿದುದನ್ನು ಬೇಗನೆ ಮುಗಿಸುತ್ತೇನೆ. ಮಹಜರಿನಲ್ಲಿ ಬರೆದ ತೂಕವು ಪೊಟ್ಟಣದ ಪ್ಲಾಸ್ಟಿಕ್ಕನ್ನು ಬಿಟ್ಟದ್ದೋ ಸೇರಿಸಿದ್ದೋ ಎಂಬುದನ್ನು ವಕೀಲರಿಂದ ಮೊದಲು ಪರೀಕ್ಷಿಸಿರಿ. ಅಲೆದಾಟಕ್ಕೆ ಬೇಸತ್ತು ತಪ್ಪೊಪ್ಪಿಕೊಂಡು ದಂಡ ಕಟ್ಟುವುದೆಂದರೆ ಅಪರಾಧಿಯೆಂಬ ತೀರ್ಪನ್ನು ಕೈಯಾರೆ ಪಡೆದಂತೆ. ಅದು ಸರ್ಕಾರಿ ನೌಕರಿಯ ಪೂರ್ವಚರಿತ್ರೆಯ ಪರಿಶೀಲನೆಯಲ್ಲಿ ಎದುರಾಗುತ್ತದೆ, ಮತ್ತು ಅಂತಹವರನ್ನು ಅಮೆರಿಕದ ವಲಸೆ ಕಾನೂನು ವೀಸಾಕ್ಕೆ ಅನರ್ಹರೆಂದೇ ಎಣಿಸುತ್ತದೆ. ಹುಡುಗನು ವ್ಯಸನಕ್ಕೆ ಸಿಲುಕಿದವನಾಗಿದ್ದು, ಆರೋಪವು ಸೇವನೆಯದೋ ಅಲ್ಪ ಪ್ರಮಾಣದ್ದೋ ಆಗಿದ್ದಲ್ಲಿ, 64-ಎ ಕಲಮನ್ನು ವಕೀಲರಿಗೆ ನೆನಪಿಸಿರಿ: ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಸೇರಿದವನಿಗೆ ಅಭಿಯೋಗದಿಂದ ವಿನಾಯಿತಿಯುಂಟು. ಚಿಕಿತ್ಸೆಯನ್ನು ಪೂರ್ತಿಗೊಳಿಸದೆ ನಡುವೆ ಬಿಟ್ಟುಬಂದರೆ ಆ ವಿನಾಯಿತಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಅದೇ ಕಲಮಿನಲ್ಲಿದೆ.