ಪೆಟ್ಟಿಗೆ ಯಾವಾಗ ಮನೆಯಾಗುತ್ತದೆ?

ಹೊಸದುರ್ಗದ ತೆಂಗಿನ ತೋಟದ ಬದುವಿನಲ್ಲೋ ಹೊಳಲ್ಕೆರೆಯ ಅಡಿಕೆ ತೋಟದ ಅಂಚಿನಲ್ಲೋ ಹಳೆಯ ಹುತ್ತವಿದ್ದರೆ ದೂರ ನಿಂತು ನೋಡಿ. ಕಿಂಡಿಯಲ್ಲಿ ಜೇನುನೊಣಗಳು ಬಿಡುವಿಲ್ಲದೆ ಹೋಗಿಬರುತ್ತಿದ್ದರೆ ಒಳಗೆ ತುಡುವೆಯ ಸಂಸಾರವಿದೆ ಎಂದೇ ಅರ್ಥ. ಹೆಜ್ಜೇನು ಎತ್ತರದ ಬಂಡೆಗೋ ದೊಡ್ಡ ಮರಕ್ಕೋ ಬಯಲಿನಲ್ಲಿ ಒಂದೇ ಎರಿ ಕಟ್ಟುತ್ತದೆ, ಪೆಟ್ಟಿಗೆಗೆ ಒಗ್ಗುವುದಿಲ್ಲ. ತುಡುವೆ ಹಾಗಲ್ಲ. ಕತ್ತಲ ಪೊಟರೆಯೊಳಗೆ ಹಲವು ಎರಿಗಳನ್ನು ಸಾಲಾಗಿ, ನಡುವೆ ನೊಣ ಓಡಾಡುವಷ್ಟೇ ಜಾಗ ಬಿಟ್ಟು ಕಟ್ಟುತ್ತದೆ. ಆ ಜಾಗದ ಗುಟ್ಟು ಹಿಡಿದೇ ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಚೌಕಟ್ಟುಗಳನ್ನು ಹೊರತೆಗೆಯಬಹುದಾದ ಪೆಟ್ಟಿಗೆ ಯೋಚಿಸಿದರು. ತುಡುವೆಗೆ ಹೊಂದುವ ಚಿಕ್ಕ ಪೆಟ್ಟಿಗೆಯನ್ನು 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಕಡೆ ಮಾಡಿದವರು ಪಾದ್ರಿ ನ್ಯೂಟನ್. ಸೇಬಿನ ಕಥೆಯ ನ್ಯೂಟನ್ ಬೇರೆ, ಇವರು ಬೇರೆ.

ಹುತ್ತದಿಂದ ಪೆಟ್ಟಿಗೆಗೆ ಜೇನು ಕೂಡಿಸುವುದು ಪಳಗಿದವರ ಕೆಲಸ. ಹೊಸದಾಗಿ ಸಾಕುವವರು ಅವರ ಪಕ್ಕ ನಿಂತು ಕಲಿಯಬೇಕು. ನೀವು ಮುಖಕ್ಕೆ ಪರದೆ ಹಾಕಿಕೊಂಡು ದೂರದಿಂದಲೇ ನೋಡಿ. ಸಂಜೆಯೇ ಸರಿಯಾದ ಹೊತ್ತು; ಹೂವಿಗೆ ಹೋದವೆಲ್ಲ ಆಗ ಗೂಡು ಸೇರಿರುತ್ತವೆ.

ಮೊದಲು ಹೊಗೆ. ಗಾಬರಿಯಾದ ನೊಣ ಕೊಂಡಿಯ ಬಳಿಯಿಂದ ಬಾಳೆಹಣ್ಣಿನಂಥ ವಾಸನೆ ಬಿಡುತ್ತದೆ. ಉಳಿದವು ಅದನ್ನು ಮೂಸಿ ಕುಟುಕಲು ಬರುತ್ತವೆ. ಹೊಗೆ ಆ ವಾಸನೆಯನ್ನು ಮುಚ್ಚಿಹಾಕುತ್ತದೆ.

ಆಮೇಲೆ ಮೊಟ್ಟೆ, ಮರಿಗಳಿರುವ ಎರಿಗಳನ್ನು ಮೆಲ್ಲಗೆ ಕೊಯ್ದು ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟುತ್ತಾರೆ. ಮೇಲಿದ್ದ ಅಂಚು ಮೇಲೇ ಇರಬೇಕು, ಏಕೆಂದರೆ ಎರಿಯ ಕೋಣೆಗಳ ಬಾಯಿ ತುಸು ಮೇಲ್ಮುಖವಾಗಿರುತ್ತದೆ. ಜೇನು ತುಂಬಿದ ಎರಿಯನ್ನು ಕಟ್ಟುವುದಿಲ್ಲ. ಅದು ಭಾರಕ್ಕೆ ಕಳಚಿ ಸೋರಿದರೆ ಇರುವೆಗಳು ಮುತ್ತುತ್ತವೆ.

ಚೌಕಟ್ಟುಗಳನ್ನು ಪೆಟ್ಟಿಗೆಯಲ್ಲಿಟ್ಟು ನೊಣಗಳನ್ನೂ ಅದಕ್ಕೆ ಸೇರಿಸುತ್ತಾರೆ. ಉದ್ದ ಹೊಟ್ಟೆಯ ರಾಣಿ ಒಳಗೆ ಸೇರಿದಳೇ? ಇದನ್ನು ನೊಣಗಳೇ ಹೇಳುತ್ತವೆ, ನನಗೆ ಎಲ್ಲಕ್ಕಿಂತ ಇಷ್ಟವಾದ ನೋಟ ಇದು. ಕೆಲವು ಕೆಲಸಗಾರ ನೊಣಗಳು ಬಾಗಿಲಲ್ಲಿ ತಲೆ ಒಳಗೆ ಮಾಡಿ, ಹಿಂಭಾಗ ಎತ್ತಿ ಜೋರಾಗಿ ರೆಕ್ಕೆ ಬೀಸುತ್ತವೆ. ಹೊಟ್ಟೆಯ ತುದಿಯ ಗ್ರಂಥಿಯಿಂದ ಬರುವ ಇನ್ನೊಂದು ವಾಸನೆಯನ್ನು ಗಾಳಿಗೆ ಬಿಡುತ್ತಿರುತ್ತವೆ. ಹುತ್ತದ ಸುತ್ತ ದಿಕ್ಕುತಪ್ಪಿ ಹಾರುತ್ತಿದ್ದವು ಆ ಜಾಡು ಹಿಡಿದು ಇಳಿದು, ಸಾಲಾಗಿ ನಡೆದುಕೊಂಡೇ ಒಳಗೆ ಹೋಗುತ್ತವೆ.

ಇಷ್ಟಾದರೂ ನಂಬುವಂತಿಲ್ಲ. ಜಾಗ ಹಿಡಿಸದಿದ್ದರೆ ತುಡುವೆ ಇಡೀ ಸಂಸಾರ ಸಮೇತ ಎದ್ದುಹೋಗುತ್ತದೆ. ಅದಕ್ಕೇ ಕೆಲವು ದಿನ ಬಾಗಿಲಿಗೆ ರಾಣಿ ತಡೆ ಇಡುತ್ತಾರೆ: ಕೆಲಸಗಾರ ನೊಣ ತೂರಬಲ್ಲದು, ರಾಣಿಗೆ ಸಾಧ್ಯವಿಲ್ಲ. ಸಕ್ಕರೆ ಪಾಕ ಕೊಡುತ್ತಾರೆ. ಪೆಟ್ಟಿಗೆ ಇಟ್ಟ ಪೀಠದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದರೆ ಇರುವೆ ಹತ್ತುವುದಿಲ್ಲ. ಹಿರಿಯೂರಿನ ಬಿಸಿಲಿಗೆ ನೆರಳಂತೂ ಬೇಕೇ ಬೇಕು. ಪೆಟ್ಟಿಗೆಯನ್ನು ಮರುದಿನವೇ ನೂರು ಹೆಜ್ಜೆ ಆಚೆ ಸರಿಸಬಾರದು. ಹೂವಿಗೆ ಹೋದವು ನೆನಪಿಟ್ಟುಕೊಂಡ ಹಳೆಯ ಜಾಗಕ್ಕೇ ಮರಳಿ ಪರದಾಡುತ್ತವೆ.

ಒಳಗೆ ಆಗಲೇ ರಿಪೇರಿ ಶುರುವಾಗಿರುತ್ತದೆ. ಕೆಲಸಗಾರ ನೊಣದ ಹೊಟ್ಟೆಯಡಿ ನಾಲ್ಕು ಜೊತೆ ಮೇಣದ ಗ್ರಂಥಿಗಳಿವೆ. ಅಲ್ಲಿ ಒಸರುವ ಮೇಣದ ಹಕ್ಕಳೆಯನ್ನು ಅಗಿದು ಮೆದುಮಾಡಿ ಎರಿಯನ್ನು ಚೌಕಟ್ಟಿಗೆ ಬೆಸೆಯುತ್ತವೆ. ಬೆಸುಗೆ ಗಟ್ಟಿಯಾದ ಮೇಲೆ ಬಾಳೆನಾರನ್ನು ಕಡಿದು ಬಾಗಿಲಾಚೆ ಎಳೆದುಹಾಕುತ್ತವೆ.

ಇನ್ನು ಹಿಂಗಾಲು ನೋಡಿ. ಹಳದಿ ಪರಾಗದ ಉಂಡೆ ಅಂಟಿಸಿಕೊಂಡು ನೊಣಗಳು ಬರುತ್ತಿವೆಯೇ? ಪರಾಗ ಮುಖ್ಯವಾಗಿ ಮರಿಗಳ ಊಟಕ್ಕೆ. ಅದು ದಿನವೂ ಒಳಗೆ ಹೋಗುತ್ತಿದ್ದರೆ ಸಂಸಾರ ಅಲ್ಲಿ ನಿಂತಿದೆ; ರಾಣಿ ತಡೆ ತೆಗೆಯಬಹುದು.